ಒಂದೇ ಮನೆ, ಮೂರು ಸುದ್ದಿ

ತಿಕೋಟಾ ಸುತ್ತಿನ ಯಾವುದೇ ದ್ರಾಕ್ಷಿ ತೋಟದ ವಸ್ತಿಗೆ ಹೋಗಿ, 'ಮಳಿ ಸುದ್ದಿ ಏನೈತ್ರಿ?' ಎಂದು ಕೇಳಿ ನೋಡಿ. ಒಂದೇ ಮನೆಯಲ್ಲಿ ಮೂರು ಉತ್ತರ ಸಿಗುತ್ತವೆ. ಮುದುಕರು ಬೆಳಗಿನ ರೇಡಿಯೊ ಮಾತು ಹೇಳುತ್ತಾರೆ. ನಡುವಯಸ್ಸಿನವರು ನಿನ್ನೆಯ ಪೇಪರಿನಲ್ಲಿ ಏನಿತ್ತೆಂದು ನೆನಪಿಸಿಕೊಳ್ಳುತ್ತಾರೆ. ಹುಡುಗರು ಬಾಯಿಂದ ಹೇಳುವುದೇ ಇಲ್ಲ, ಮೊಬೈಲು ತೆಗೆದು ನಿಮ್ಮ ಮುಖದ ಮುಂದೆ ಹಿಡಿಯುತ್ತಾರೆ. ಮೂರೂ ಒಂದೇ ಆಗಿದ್ದರೆ ಚಿಂತೆಯಿಲ್ಲ. ಅಕ್ಟೋಬರ್ ಚಾಟ್ನಿ ಮುಗಿದು ಚಿಗುರು ಒಡೆದ ಹೊತ್ತಿನಲ್ಲಿ ಮೂರೂ ಮೂರು ತರಹ ಇದ್ದರೆ ಮನೆಯಲ್ಲೇ ಪಂಚಾಯ್ತಿ ಸುರು. ಮಳೆ ಬರುತ್ತದೆಂದು ಡೌನಿ ರೋಗದ ಔಷಧ ಹೊಡೆದು ಮಳೆ ಬಾರದಿದ್ದರೆ ದುಡ್ಡು ಹೋಯಿತು. ಬರುವುದಿಲ್ಲವೆಂದು ಸುಮ್ಮನಿದ್ದು ಬಂದರೆ ಹಂಗಾಮೇ ಹೋಯಿತು.

ಈಗಿನ ಹುಡುಗರಿಗೆ ಸುದ್ದಿಯ ಗೊಡವೆಯೇ ಇಲ್ಲ ಎಂಬ ಮಾತನ್ನು ದಿನಾ ಕೇಳುತ್ತೇವೆ. ನಾನು ಇದನ್ನು ಒಪ್ಪುವುದಿಲ್ಲ. ನಮ್ಮ ಅಪ್ಪ ಒಂದು ವಾರದಲ್ಲಿ ಓದಿದಷ್ಟು ಸುದ್ದಿ ನನ್ನ ಮಗನ ಕಣ್ಣ ಮುಂದೆ ಒಂದು ದಿನದಲ್ಲಿ ಹಾದುಹೋಗುತ್ತದೆ. ಬದಲಾದದ್ದು ಬೇರೆ. ಅಜ್ಜ ಸುದ್ದಿಯನ್ನು ಹೊತ್ತು ನೋಡಿ ಆರಿಸುತ್ತಿದ್ದ. ಅಪ್ಪ ಪೇಪರಿನ ಹೆಸರು ನೋಡಿ ಆರಿಸಿದರು. ಮಗ ಕಳಿಸಿದವರು ಯಾರೆಂದು ನೋಡಿ ಆರಿಸುತ್ತಾನೆ. ಮೂವರ ನಂಬಿಕೆಯೂ ಮೂರು ಕಡೆ ಇದೆ. ಇದು ಹೇಗೆ ಆಯಿತು, ಇದರಿಂದ ಒಕ್ಕಲುತನಕ್ಕೆ ಏನು ಲಾಭ ಏನು ಲುಕ್ಸಾನು ಎಂಬುದನ್ನು ನಾನು ಕಂಡಷ್ಟು ಬರೆಯುತ್ತೇನೆ.

ಚಾವಡಿಯ ರೇಡಿಯೊ

ಧಾರವಾಡ ಆಕಾಶವಾಣಿ ಸುರುವಾದದ್ದು 1950ರ ಜನವರಿ 8ಕ್ಕೆ. ಆಗ ವಿಜಾಪುರ ಜಿಲ್ಲೆ ಮುಂಬಯಿ ಆಡಳಿತದಲ್ಲಿತ್ತು, 1956ರವರೆಗೂ ಅಲ್ಲೇ ಇತ್ತು. ಅದಕ್ಕೂ ಮೊದಲು ಹಳ್ಳಿಗೆ ಸುದ್ದಿ ಬರುವ ದಾರಿ ಮೂರೇ: ಡಂಗುರ, ತಲಾಟಿ, ಸಂತೆ. ಸಂತೆಯ ಸುದ್ದಿಯೇ ಹೆಚ್ಚು ನಂಬಿಕೆಯದು, ಯಾಕೆಂದರೆ ಹೇಳಿದವನು ಮುಂದಿನ ವಾರ ಮತ್ತೆ ಅದೇ ಸಂತೆಗೆ ಬರಬೇಕು.

ರೇಡಿಯೊ ಬಂದ ಮೇಲೆ ಕೇಳುವುದು ಗುಂಪಿನ ಕೆಲಸವಾಯಿತು. ಊರಿಗೊಂದು ಪೆಟ್ಟಿಗೆ, ಅದೂ ಚಾವಡಿಯಲ್ಲಿ. ಮನೆಯಲ್ಲಿ ಇಟ್ಟುಕೊಳ್ಳುವವರು ಪೋಸ್ಟ್ ಆಫೀಸಿನಲ್ಲಿ ಲೈಸೆನ್ಸ್ ಫೀ ಕಟ್ಟಬೇಕಿತ್ತು. ಈ ಲೈಸೆನ್ಸ್ ಪದ್ಧತಿ ಹೋದದ್ದು 1980ರ ದಶಕದಲ್ಲಿ. ಇಂಥ ಕಾರ್ಯಕ್ರಮ ಬೇಕು, ಇಂಥದು ಬೇಡ ಎನ್ನುವ ಆಯ್ಕೆ ಅಜ್ಜನ ಕಾಲದವರಿಗೆ ಇರಲಿಲ್ಲ. ಹೊತ್ತಿಗೆ ಸರಿಯಾಗಿ ಬರಬೇಕು, ಬಂದದ್ದು ಕೇಳಬೇಕು. ಕೇಳಿದ ಮೇಲೆ ಹತ್ತು ಜನ ಅಲ್ಲೇ ಕುಳಿತಿರುತ್ತಿದ್ದರಲ್ಲ, ಮಾತು ಬೆಳೆಯುತ್ತಿತ್ತು. ಒಬ್ಬ ಹೌದೆಂದರೆ ಇನ್ನೊಬ್ಬ ಅಲ್ಲವೆನ್ನುತ್ತಿದ್ದ.

ಹೀಗೆ ಕೇಳಿ ಮಾತಾಡುವುದರಲ್ಲಿ ಲಾಭವಿದೆ ಎಂಬುದನ್ನು ನೋಡಲು 1956ರಲ್ಲಿ ಪುಣೆ ಆಕಾಶವಾಣಿ ಯುನೆಸ್ಕೊ ನೆರವಿನಿಂದ 150 ಹಳ್ಳಿಗಳಲ್ಲಿ ರೇಡಿಯೊ ರೈತಕೂಟಗಳನ್ನು ಮಾಡಿತ್ತು. ಅವು ಮರಾಠಿ ಹಳ್ಳಿಗಳು, ಆದರೆ ಆಗ ನಮ್ಮ ರಾಜ್ಯವೂ ಅದೇ. ವಾರಕ್ಕೆ ಎರಡು ದಿನ ಅರ್ಧ ತಾಸು ಕಾರ್ಯಕ್ರಮ, ಕೂಡಲೇ ಚರ್ಚೆ, ಆಮೇಲೆ ಪ್ರಶ್ನೆಗಳು ವಾಪಸು ಪುಣೆಗೆ. ಅದರ ಸೂತ್ರ ಮೂರೇ ಮಾತು: ಕೇಳಿ, ಚರ್ಚಿಸಿ, ಮಾಡಿ. ಕೂಟವಿದ್ದ ಹಳ್ಳಿಗಳ ತಿಳಿವಳಿಕೆ, ಬರೇ ರೇಡಿಯೊ ಇದ್ದ ಹಳ್ಳಿಗಳಿಗಿಂತ ಬಹಳ ಹೆಚ್ಚಿತು ಎಂದು ಕಂಡುಬಂತು. ಪೆಟ್ಟಿಗೆ ಎರಡೂ ಕಡೆ ಒಂದೇ. ಫರಕು ಮಾಡಿದ್ದು ಕುಳಿತು ಆಡಿದ ಮಾತು.

ಟ್ರಾನ್ಸಿಸ್ಟರ್ ಅಗ್ಗವಾದ ಮೇಲೆ ಅದು ಮನೆಗೆ ಬಂತು, ಎತ್ತಿನ ಗಾಡಿಯ ಗೂಟಕ್ಕೂ ಜೋತುಬಿತ್ತು. 1974ರಲ್ಲಿ ಸಂಸ್ಕೃತ ವಾರ್ತೆ ಸುರುವಾದಾಗ ಅದರ ಒಂದಕ್ಷರವೂ ಅರ್ಥವಾಗದ ನಮ್ಮ ಅಜ್ಜ ಅದನ್ನು ತಪ್ಪಿಸುತ್ತಿರಲಿಲ್ಲ. ಬೆಳಿಗ್ಗೆ 6.55 ಆಯಿತು, ಎತ್ತಿಗೆ ನೀರು ತೋರಿಸಬೇಕು ಎಂಬುದಕ್ಕೆ ಅದೇ ಗಡಿಯಾರ. ಆಮೇಲೆ ಕನ್ನಡ ವಾರ್ತೆ. ಈಗಲೂ ಎಂಬತ್ತು ದಾಟಿದವರು ಮೊಬೈಲಿನಲ್ಲಿ ಬಂದ ಸುದ್ದಿಗೆ 'ರೇಡಿಯೋದಾಗ ಹೇಳ್ಯಾರೇನು?' ಎಂದು ಕೇಳುವುದು ಇದಕ್ಕೇ. ರೇಡಿಯೊ ಎಂದರೆ ಅವರಿಗೆ ಸರಕಾರದ ಬಾಯಿ, ಹೊತ್ತು ತಪ್ಪದ ಬಾಯಿ.

ಟಿವಿಯ ಕಥೆಯಲ್ಲಿ ನಮ್ಮ ಜಿಲ್ಲೆಯ ಹೆಸರು ಬೆಂಗಳೂರಿಗಿಂತ ಮೊದಲು ಬರುತ್ತದೆ, ಇದು ಹೊಸಬರಿಗೆ ಗೊತ್ತಿಲ್ಲ. 1975ರ ಆಗಸ್ಟ್ 1ರಿಂದ ಒಂದು ವರ್ಷ ಅಮೆರಿಕದ ಉಪಗ್ರಹದ ಮೂಲಕ ಆರು ರಾಜ್ಯಗಳ 2400 ಹಳ್ಳಿಗಳಿಗೆ ಟಿವಿ ತೋರಿಸುವ 'ಸೈಟ್' ಪ್ರಯೋಗ ನಡೆಯಿತು. ಕರ್ನಾಟಕದಲ್ಲಿ ಅದಕ್ಕೆ ಆಯ್ದದ್ದು ಆಗಿನ ವಿಜಾಪುರ, ಗುಲಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳನ್ನು. ಕೋಳಿಗೂಡಿನ ಜಾಲರಿಯಿಂದ ಮಾಡಿದ ದೊಡ್ಡ ಛತ್ರಿ, ಊರಿಗೊಂದು ಟಿವಿ. ಮುಂಜಾನೆ ಶಾಲೆ ಮಕ್ಕಳಿಗೆ, ಸಂಜೆ ಒಕ್ಕಲುತನ, ಆರೋಗ್ಯ, ಸುದ್ದಿ. ವರ್ಷ ಮುಗಿದ ಮೇಲೆ ಉಪಗ್ರಹ ಬೇರೆ ಕಡೆ ಸರಿಯಿತು, ಹಳ್ಳಿ ಮತ್ತೆ ರೇಡಿಯೊಕ್ಕೇ ಬಂತು.

ಬಸ್ಸಿನ ಮೇಲೆ ಬಂದ ಪೇಪರು

ನಮ್ಮ ಅಪ್ಪನ ತಲೆಮಾರು ಶಾಲೆ ಕಲಿತದ್ದು, ಹಾಗಾಗಿ ಅವರದು ಪೇಪರು. ನಮ್ಮ ಕಡೆ ಮೊದಲಿನಿಂದ ಹುಬ್ಬಳ್ಳಿಯ ಸಂಯುಕ್ತ ಕರ್ನಾಟಕ, 1948ರಲ್ಲಿ ಸುರುವಾದ ಪ್ರಜಾವಾಣಿ. 1999ರ ನಂತರ ವಿಜಯ ಕರ್ನಾಟಕವೂ ಮನೆಮನೆ ಸೇರಿತು. ಒಂದು ಮನೆ ಒಂದು ಪೇಪರು ಹಿಡಿದರೆ ಬಿಡುವುದು ಕಡಿಮೆ. ಬೀಗತನದಷ್ಟೇ ಗಟ್ಟಿ. 'ಅವರದು ಪ್ರಜಾವಾಣಿ ಮನಿ' ಎಂದು ಹೇಳುವವರನ್ನು ಕೇಳಿದ್ದೇನೆ.

ವಿಜಾಪುರ ಬಸ್ ಸ್ಟ್ಯಾಂಡಿನಲ್ಲಿ ನಸುಕಿಗೇ ಕಟ್ಟು ಒಡೆದು ಪಾಲು ಮಾಡುತ್ತಾರೆ. ಗಾಂಧಿ ಚೌಕದ ಚಹಾದ ಅಂಗಡಿಯಲ್ಲಿ ಅದು ಬೆಳಕು ಹರಿಯುವಷ್ಟರಲ್ಲಿ ನಾಲ್ಕು ಕೈ ದಾಟಿರುತ್ತದೆ. ತಿಕೋಟಾಕ್ಕೆ, ಬಬಲೇಶ್ವರಕ್ಕೆ ಮೊದಲ ಬಸ್ಸಿಗೆ. ಅಲ್ಲಿಂದ ಒಳಗಿನ ಹಳ್ಳಿಗೆ ಹಾಲಿನವರ ಗಾಡಿ, ಶಾಲೆ ಮಾಸ್ತರರ ಸೈಕಲ್ಲು. ಅಪ್ಪನಿಗೆ ಸಿಗುವಾಗ ಮಧ್ಯಾಹ್ನ. ಹಿಂದಿನ ಪುಟದಿಂದ ಓದುತ್ತಿದ್ದರು: ಮೊದಲು ನಿಧನ ವಾರ್ತೆ, ಆಮೇಲೆ ಎಪಿಎಂಸಿ ಧಾರಣೆ, ಕೊನೆಗೆ ಮುಖಪುಟ. ದೊಡ್ಡ ದನಿಯಲ್ಲಿ ಓದುತ್ತಿದ್ದರಿಂದ ಅವ್ವನಿಗೂ ಅದೇ ಪೇಪರು. ನಾವು ಹುಡುಗರು ಕೇಳಲು ಕುಳಿತವರಲ್ಲ, ಆದರೂ ಕಿವಿಗೆ ಬೀಳುತ್ತಿತ್ತು. ಅಮೆರಿಕದ ಚುನಾವಣೆಯಿಂದ ಇಂಡಿಯ ಲಿಂಬೆ ಧಾರಣೆಯವರೆಗೆ ಬೇಡವಾದ ಸುದ್ದಿಯೂ ತಲೆಗೆ ಹೋದದ್ದು ಹೀಗೆ. ಬೇಕಾದದ್ದೇ ಬರುವ ಮೊಬೈಲಿನಲ್ಲಿ ಈ ಬೇಡವಾದ ಸುದ್ದಿಗೆ ಜಾಗವಿಲ್ಲ.

ಪೇಪರಿನವರು ಜಿಲ್ಲಾ ಪುಟ ತಂದದ್ದು ಒಳ್ಳೆಯದೆಂದು ಎಲ್ಲರೂ ಹೇಳುತ್ತಾರೆ. ನನಗೆ ಒಂದು ತಕರಾರಿದೆ. ತಿಕೋಟಾದ ಕೆರೆ ಒಡೆದ ಸುದ್ದಿ ತಿಕೋಟಾದವರಿಗೇ ಅಚ್ಚಾಗಿ ಬರುತ್ತದೆ. ಅದು ನಮಗೆ ಮೊದಲೇ ಗೊತ್ತು! ಗೊತ್ತಾಗಬೇಕಾದದ್ದು ಬೆಂಗಳೂರಿನವರಿಗೆ. ಅವರ ಪೇಪರಿನಲ್ಲಿ ಅದು ಇರುವುದಿಲ್ಲ.

ಗಡಿ ಕಡೆಯ ದ್ರಾಕ್ಷಿಯವರು ಮರಾಠಿ ಪೇಪರನ್ನೂ ಓದುವವರು. ತಾಸಗಾಂವ, ಸಾಂಗ್ಲಿಗೆ ಒಣದ್ರಾಕ್ಷಿ ಒಯ್ಯುವವರಿಗೆ ಅಲ್ಲಿಯ ಮಾತು ಬೇಕೇಬೇಕು. 2005ರಲ್ಲಿ ಸಕಾಳ ಬಳಗದವರು ಒಕ್ಕಲುತನಕ್ಕೆಂದೇ 'ಅಗ್ರೋವನ್' ದಿನಪತ್ರಿಕೆ ತಂದರು. ಕನ್ನಡದಲ್ಲಿ ಅಂಥ ದಿನಪತ್ರಿಕೆ ನಿಂತು ಬೆಳೆಯಲಿಲ್ಲ. 2000ದ ಕೊನೆಗೆ ಬಂದ ಈಟಿವಿ ಕನ್ನಡದ 'ಅನ್ನದಾತ' ಕೆಲವು ವರ್ಷ ಆ ಕೊರತೆ ತುಂಬಿತ್ತು.

ಕಟ್ಟೆ ಖಾಲಿಯಾದದ್ದು ಮೊಬೈಲಿನಿಂದಲ್ಲ

ಎಲ್ಲರೂ ಮೊಬೈಲಿಗೇ ಬೈಯುತ್ತಾರೆ. ನನ್ನ ಲೆಕ್ಕದಲ್ಲಿ ಕಟ್ಟೆ ಅದಕ್ಕಿಂತ ಮೊದಲೇ ಖಾಲಿಯಾಗಿತ್ತು. ಬೋರ್‌ವೆಲ್ ಬಿತ್ತು, ಡ್ರಿಪ್ ಬಂತು, ದ್ರಾಕ್ಷಿ ಬಂತು. ಮೂರು ಫೇಸ್ ಕರೆಂಟು ಪಾಳಿಯ ಮೇಲೆ ಬರುತ್ತದೆ, ಒಮ್ಮೆ ಹಗಲು, ಒಮ್ಮೆ ನಡುರಾತ್ರಿ. ಊರಲ್ಲಿ ಮಲಗಿದರೆ ಪಂಪು ಸುರು ಮಾಡುವವರು ಯಾರು? ಒಂದೊಂದೇ ಮನೆ ತೋಟದ ವಸ್ತಿಗೆ ಹೋಯಿತು. ತುಬಚಿ-ಬಬಲೇಶ್ವರ ಏತ ನೀರಾವರಿಯಿಂದ ಕೃಷ್ಣೆಯ ನೀರು ಈ ಕಡೆ ಹರಿದ ಮೇಲೆ ಇನ್ನಷ್ಟು ಮಂದಿ ಹೋದರು. ಪೇಪರಿನ ಹುಡುಗ ಮೂರು ಕಿಲೋಮೀಟರು ಹೊಲದ ದಾರಿಯಲ್ಲಿ ಒಂದು ಪೇಪರಿಗಾಗಿ ಬರುವನೇ? ಹೀಗೆ ವಸ್ತಿಯಲ್ಲಿ ಬೆಳೆದ ಮಕ್ಕಳು ಪೇಪರು ಬರುವ ಮನೆಯನ್ನೇ ನೋಡಲಿಲ್ಲ. 2016ರಲ್ಲಿ ಜಿಯೊ ಬಂದು ಇಂಟರ್ನೆಟ್ಟು ಅಗ್ಗವಾದಾಗ ಅವರ ಕೈಗೆ ಸಿಕ್ಕಿದ ಮೊದಲ ಪೇಪರೇ ವಾಟ್ಸಾಪು.

ಅವರು ಆರಿಸುವ ರೀತಿಯನ್ನು ಮಗನಿಂದ ತಿಳಿದೆ. ಅವನ ಮೊಬೈಲಿನಲ್ಲಿ ದ್ರಾಕ್ಷಿಯ ಗುಂಪುಗಳೇ ಐದು. ಲೈನ್‌ಮನ್ ಪಾಳಿ ಹಾಕುವ ಗುಂಪು ಬೇರೆ. 'ಯಾವ ಗುಂಪಿನ್ಯಾಗ ಬಂದಿದ್ದು ಖರೇ ಅಂತಿ?' ಎಂದು ಕೇಳಿದೆ. 'ಗುಂಪು ನೋಡೂದಿಲ್ಲಪ್ಪಾ, ಯಾರು ಹಾಕ್ಯಾರ ಅದನ್ನ ನೋಡ್ತೀನಿ. ಅವರ ತ್ವಾಟ ನಾ ನೋಡೀನಿ ಅಂದ್ರ ನಂಬ್ತೀನಿ' ಎಂದ. ಯೋಚಿಸಿದರೆ ಇದು ಸಂತೆಯ ಲೆಕ್ಕವೇ. ಫರಕು ಏನೆಂದರೆ, ಅವನು ತೋಟ ನೋಡಿದ ಮನುಷ್ಯ ಹಾಕಿದ್ದು ತನ್ನ ಸುದ್ದಿಯನ್ನೇ ಇರಬೇಕೆಂದಿಲ್ಲ. ಮತ್ತೊಬ್ಬರದನ್ನು ಮುಂದೆ ತಳ್ಳಿದ್ದೂ ಇರಬಹುದು. ಸಂದೇಶದ ಮೇಲೆ ಎರಡು ಬಾಣದ ಗುರುತು ಇದ್ದರೆ ಅದು ಹಲವು ಕೈ ದಾಟಿ ಬಂದದ್ದು, ಕಳಿಸಿದ ಗೆಳೆಯನಿಗೂ ಅದರ ಬೇರು ಗೊತ್ತಿಲ್ಲ ಎಂದರ್ಥ.

ಧಾರಣೆ: ಯಾವ ಅಂಕಿ?

ಇಲ್ಲಿ ಹೆಚ್ಚು ಹೊತ್ತು ನಿಲ್ಲಬೇಕು, ಯಾಕೆಂದರೆ ದುಡ್ಡು ಹೋಗುವುದು ಇಲ್ಲೇ.

ಪೇಟೆಯ ಒಂದು ದಿನದ ಧಾರಣೆಗೆ ಮೂರು ಅಂಕಿ ಇರುತ್ತವೆ: ಕನಿಷ್ಠ, ಗರಿಷ್ಠ, ಮಾದರಿ. ಮಾದರಿ ಎಂದರೆ ಹೆಚ್ಚಿನ ಮಾಲು ಹೋದ ದರ. ಹಿಂದೆ ಪೇಪರಿನಲ್ಲಿ ಮೂರನ್ನೂ ಸಾಲಾಗಿ ಅಚ್ಚು ಹಾಕುತ್ತಿದ್ದರು, ಅಪ್ಪ ನಡುವಿನದಕ್ಕೇ ಬೆರಳಿಡುತ್ತಿದ್ದರು. ಮೊಬೈಲಿನಲ್ಲಿ ಓಡಾಡುವುದು ಒಂದೇ, ಗರಿಷ್ಠ. ತನ್ನ ಮಾಲು ಮೇಲಿನ ದರಕ್ಕೆ ಹೋದವನು ಪಟ್ಟಿಯ ಫೋಟೊ ಹಾಕುತ್ತಾನೆ. ಕೆಳಗಿನ ದರಕ್ಕೆ ಕೊಟ್ಟವನು ಯಾಕೆ ಹಾಕಿಯಾನು? ಹೀಗಾಗಿ ಒಣದ್ರಾಕ್ಷಿ ಹಂಗಾಮಿನಲ್ಲಿ ಹುಡುಗರಿಗೆ ಪೇಟೆ ಯಾವಾಗಲೂ ಏರಿದಂತೆಯೇ ಕಾಣುತ್ತದೆ. 'ಇನ್ನಷ್ಟು ದಿನ ಇಡೂಣು' ಎನ್ನುತ್ತಾರೆ. ಕೋಲ್ಡ್ ಸ್ಟೋರೇಜಿನ ಬಾಡಿಗೆ ಏರುತ್ತಿರುತ್ತದೆ.

ಅಪ್ಪ ಅಂಥ ಫೋಟೊ ತೋರಿಸಿದರೆ ಎರಡೇ ಪ್ರಶ್ನೆ ಕೇಳುತ್ತಾರೆ: 'ತಮ್ಮಾ, ಎಷ್ಟು ಬಾಕ್ಸ್ ಹೋಗ್ಯಾವು? ಬಣ್ಣ ಹೆಂಗಿತ್ತು?' ಹದಿನೈದು ಕಿಲೊದ ಹತ್ತು ಬಾಕ್ಸ್ ಹಸಿರು ಬಣ್ಣದ ಮಾಲು ಮೇಲಿನ ದರಕ್ಕೆ ಹೋದರೆ ಅದು ಊರಿನ ಧಾರಣೆ ಅಲ್ಲ. ಹಾಗೆಂದು ಅಪ್ಪನ ದಾರಿಯೇ ಸರಿ ಎನ್ನಲಾರೆ. ಪೇಪರಿನ ಧಾರಣೆ ನಿನ್ನೆಯದು, ಎಷ್ಟೋ ಸಲ ಮೊನ್ನೆಯದು. ದಲಾಲರಿಗೆ ಇವತ್ತಿನದು ಗೊತ್ತಿರುತ್ತಿತ್ತು, ನಮಗಿರಲಿಲ್ಲ. ಆ ಅಂತರದಲ್ಲಿ ಅಪ್ಪನ ಕಾಲದವರು ಎಷ್ಟು ಕಳೆದುಕೊಂಡರೋ ಲೆಕ್ಕವಿಟ್ಟವರಿಲ್ಲ. ಈಗ ಕೃಷಿ ಮಾರಾಟ ವಾಹಿನಿ ಜಾಲತಾಣದಲ್ಲಿ, ಅಗ್‌ಮಾರ್ಕ್‌ನೆಟ್‌ನಲ್ಲಿ ಮೂರೂ ಅಂಕಿ ದಿನದಿನದ್ದು ಸಿಗುತ್ತವೆ. ಹುಡುಗರ ಬೆರಳಿನ ಚುರುಕು, ಮುದುಕರ ಎರಡು ಪ್ರಶ್ನೆ, ಇವೆರಡೂ ಸೇರಿದ ಮನೆಗೆ ಮಾರಾಟದಲ್ಲಿ ಸೋಲು ಕಡಿಮೆ.

ಬಬಲೇಶ್ವರ ಕಡೆ ಕಬ್ಬಿನವರದೂ ಇದೇ ಕಥೆ, ಅಂಕಿ ಮಾತ್ರ ಬೇರೆ. 2025-26ರ ಹಂಗಾಮಿಗೆ ಕೇಂದ್ರ ಸರಕಾರ ನಿಗದಿ ಮಾಡಿದ ಎಫ್‌ಆರ್‌ಪಿ ಕ್ವಿಂಟಲಿಗೆ 355 ರೂ. ಮೊಬೈಲಿನಲ್ಲಿ ಬಂದದ್ದು ಟನ್ನಿಗೆ 3550 ಎಂದು ಅಷ್ಟೇ. ಅದು ಇಳುವರಿ ಶೇ. 10.25 ಇದ್ದರೆ ಮಾತ್ರ, ಇಳುವರಿ ಕಡಿಮೆಯಾದಂತೆ ದರವೂ ಇಳಿಯುತ್ತದೆ, ಶೇ. 9.5ಕ್ಕಿಂತ ಕೆಳಗಿದ್ದವರಿಗೆ 329 ರೂ. 5 ಪೈಸೆ, ಕಟಾವು-ಸಾಗಣೆ ಅದರಲ್ಲೇ ಮುರಿಯುತ್ತಾರೆ ಎಂಬ ಮಾತು ಆ ಚಿತ್ರದಲ್ಲಿ ಇರಲಿಲ್ಲ. ಅದೇ ವರ್ಷ ನವೆಂಬರಿನಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಾಪುರ ಕ್ರಾಸಿನಲ್ಲಿ ಬೆಳೆಗಾರರು ಟನ್ನಿಗೆ 3500 ಕೇಳಿ ಕುಳಿತಾಗ ಬಬಲೇಶ್ವರದ ಹುಡುಗರು ಅದನ್ನು ಕಬ್ಬಿನ ಗದ್ದೆಯಲ್ಲೇ ನೇರ ನೋಡುತ್ತಿದ್ದರು. ಅಲ್ಲಿಯವರ ಮತ್ತೊಂದು ಸುದ್ದಿ ಆಲಮಟ್ಟಿ. ಮಳೆಗಾಲದಲ್ಲಿ ಮುದುಕರೂ ಹುಡುಗರೂ ಒಟ್ಟಿಗೆ ಕೇಳುವ ಅಂಕಿ ಇದೊಂದೇ: 519.60 ಮೀಟರಿಗೆ ಇನ್ನೆಷ್ಟು?

ಆಲಿಕಲ್ಲಿನ ವಿಡಿಯೊ

ಒಂದು ವರ್ಷ ಫೆಬ್ರುವರಿಯಲ್ಲಿ ನಮ್ಮ ಗುಂಪುಗಳಲ್ಲಿ ಆಲಿಕಲ್ಲು ಮಳೆಯ ವಿಡಿಯೊ ಬಂತು. ಕೆಳಗೆ 'ನಾಳೆ ತಿಕೋಟಾ ಭಾಗಕ್ಕೆ' ಎಂದು ಬರೆದಿತ್ತು. ನಮ್ಮ ಪೈಕಿ ಒಬ್ಬರು ಹೆದರಿ ಅಂದೇ ಆಳು ಹಚ್ಚಿ ಗೊನೆ ಕತ್ತರಿಸಿದರು. ಒಣದ್ರಾಕ್ಷಿಗೆ ಕಾಯಿಯ ಸಕ್ಕರೆ 22ರ ಮೇಲೆ ಇದ್ದರೆ ಚೆನ್ನ. ಅವರದು 18ಕ್ಕೆ ಇಳಿದಿತ್ತು. ನಾಲ್ಕು ಕಿಲೊ ಹಸಿಗೆ ಒಂದು ಕಿಲೊ ಒಣ ಬರಬೇಕಾದಲ್ಲಿ ಐದು ಕಿಲೊ ಹಾಕಬೇಕಾಯಿತು, ಕಾಳು ಸೊರಗಿದ್ದು ಬೇರೆ. ಮಳೆ ಬರಲೇ ಇಲ್ಲ.

ಅಪ್ಪ ಅದೇ ವಿಡಿಯೊವನ್ನು ಮೊಮ್ಮಗನ ಕೈಯಲ್ಲಿ ಎರಡು ಸಲ ಹಚ್ಚಿಸಿ ನೋಡಿದರು. 'ಬಳ್ಳಿ ನೋಡ್ರೋ. ಕಾಳು ಇನ್ನ ಸಜ್ಜಿ ಕಾಳಿನಷ್ಟ ಅದಾವು. ಇದು ಫೆಬ್ರುವರಿ ಅಲ್ಲ, ದೀಪಾವಳಿ ಆದಮ್ಯಾಲಿಂದು' ಎಂದರು. ಯಾವ ಊರು, ಯಾವ ವರ್ಷ ಎಂಬುದು ಅವರಿಗೂ ತಿಳಿಯಲಿಲ್ಲ, ಆದರೆ ನಾಳೆಯದಲ್ಲ ಎಂಬುದು ತಿಳಿಯಿತು. ಇಂಗ್ಲಿಷ್ ಬಾರದ, ಮೊಬೈಲು ಹಿಡಿಯಲು ಬಾರದ ಮನುಷ್ಯ ಬೆಳೆಯ ಹಂತ ನೋಡಿ ಸುದ್ದಿ ಅಳೆದರು. ಹುಡುಗರು ಆಕಾಶ ನೋಡಿದ್ದರು, ಬಳ್ಳಿ ನೋಡಿರಲಿಲ್ಲ.

ಹವಾಮಾನಕ್ಕೆ ನಾವು ಈಗ ಹಿಡಿದಿರುವ ದಾರಿ ಹೀಗಿದೆ. ಹವಾಮಾನ ಇಲಾಖೆಯ ಕೃಷಿ ಸಲಹೆ ಮಂಗಳವಾರ, ಶುಕ್ರವಾರ ಬರುತ್ತದೆ, ಮುಂದಿನ ಐದು ದಿನದ ಲೆಕ್ಕದ್ದು. 2019ರಲ್ಲಿ ಬಂದ ಮೇಘದೂತ ಆ್ಯಪಿನಲ್ಲಿ ಕನ್ನಡದಲ್ಲೇ ಸಿಗುತ್ತದೆ, ಅದನ್ನು ಮಗ ನೋಡುತ್ತಾನೆ. ಸಿಡಿಲಿಗೆ ದಾಮಿನಿ. ಅನುಮಾನ ಬಂದರೆ 2004ರಿಂದ ಇರುವ ಕಿಸಾನ್ ಕಾಲ್ ಸೆಂಟರಿಗೆ, 1800-180-1551ಕ್ಕೆ, ಕನ್ನಡದಲ್ಲೇ ಕೇಳಬಹುದು, ದುಡ್ಡಿಲ್ಲ. ವಾಟ್ಸಾಪಿನಲ್ಲಿ ಬಂದ ಮಳೆಗೆ ತಾರೀಕು, ಹೇಳಿದವರ ಹೆಸರು ಎರಡೂ ಇಲ್ಲದಿದ್ದರೆ ಅದರ ಮೇಲೆ ಪಂಪು ಹೊರಗೆ ತೆಗೆಯುವುದಿಲ್ಲ.

ಹೆಣ್ಣುಮಕ್ಕಳ ಪಾಲಿನ ಸುದ್ದಿ

ಪೇಪರಿನ ಕಾಲದಲ್ಲಿ ಹೆಣ್ಣುಮಕ್ಕಳಿಗೆ ಸಿಕ್ಕದ್ದು ಗಂಡಸರು ಓದಿ ಬಿಟ್ಟದ್ದು. ರೇಡಿಯೊ ಹಾಗಲ್ಲ, ರೊಟ್ಟಿ ಬಡಿಯುತ್ತ ಕೇಳಬಹುದು, ಕಣ್ಣು ಬೇಕಿಲ್ಲ. ಅವ್ವ ಈಗಲೂ ಅದಕ್ಕೇ ಅದನ್ನು ಬಿಟ್ಟಿಲ್ಲ. ಸೊಸೆಯರ ಕೈಗೆ ಮೊಬೈಲು ಬಂದ ಮೇಲೆ ಬೇರೆಯೇ ಆಗಿದೆ. ಸ್ವಸಹಾಯ ಸಂಘದ ಸಾಲ, ಮಕ್ಕಳ ಸ್ಕಾಲರ್‌ಶಿಪ್ಪಿನ ಕೊನೆ ತಾರೀಕು, ರೇಷನ್ನಿನ ಬದಲಾವಣೆ ಮನೆಗೆ ಮೊದಲು ಬರುವುದು ಅವರಿಂದ. ಈ ಸುದ್ದಿ ಯಾವ ಪೇಪರಿನ ಮುಖಪುಟದಲ್ಲೂ ಇರುವುದಿಲ್ಲ, ಅದನ್ನು ಸುದ್ದಿ ಎಂದು ಗಂಡಸರು ಲೆಕ್ಕಕ್ಕೂ ಹಿಡಿಯುವುದಿಲ್ಲ.

ಸುಳ್ಳಿಗೆ ಬೆಲೆ ಕಟ್ಟಿದವರು

ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ವಾಟ್ಸಾಪ್ ಸುಳ್ಳು 2018ರಲ್ಲಿ ದೇಶವೆಲ್ಲ ಹಬ್ಬಿತ್ತು. ಆ ಜುಲೈನಲ್ಲಿ ಬೀದರ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಒಬ್ಬ ಯುವಕ ಇಂಜಿನಿಯರನನ್ನು ಗುಂಪು ಹೊಡೆದು ಕೊಂದಿತು. ಅದಾದ ಮೇಲೆಯೇ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಿಂತ ಹೆಚ್ಚು ಕಳಿಸಲು ಬಾರದಂತೆ ವಾಟ್ಸಾಪಿನವರು ಮಿತಿ ಹಾಕಿದ್ದು. 2020ರಲ್ಲಿ ಕೋಳಿಯಿಂದ ಕೊರೋನಾ ಬರುತ್ತದೆ ಎಂದು ಹಬ್ಬಿಸಿದರು. ಕೋಳಿ ಕೇಳುವವರಿಲ್ಲದೆ ಗೋಕಾಕ ತಾಲೂಕಿನ ಸಾಕಣೆದಾರರೊಬ್ಬರು ಸಾವಿರಾರು ಜೀವಂತ ಕೋಳಿಗಳನ್ನು ಗುಂಡಿಯಲ್ಲಿ ಹೂಳಬೇಕಾಯಿತು. ಆ ಹೂಳುವ ವಿಡಿಯೊ ಮತ್ತೆ ಊರೂರು ತಿರುಗಿ ಇನ್ನಷ್ಟು ಹೆದರಿಸಿತು. ಅದೇ ಹೊತ್ತಿಗೆ ಪೇಪರಿನ ಮೇಲೂ ರೋಗ ಕೂತಿರುತ್ತದೆ ಎಂಬ ಮಾತು ಬಂತು. ಲಾಕ್‌ಡೌನಿನಲ್ಲಿ ಪೇಪರು ಬಿಡಿಸಿದ ಎಷ್ಟೋ ಮನೆಯವರು ಆಮೇಲೆ ಹಚ್ಚಲೇ ಇಲ್ಲ. ನಮ್ಮ ಕಡೆ ಪೇಪರಿನ ಕಟ್ಟು ಸಣ್ಣದಾದದ್ದು ಆಗ.

ಮೂರು ತಲೆಮಾರೂ ಒಂದೇ ಸುದ್ದಿಗೆ ಕೂಡಿದ ದಿನವೂ ಇದೆ. 2023ರ ಜನವರಿ 2ರ ರಾತ್ರಿ, ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿ ಲಿಂಗೈಕ್ಯರಾದ ಸುದ್ದಿ. ಮೊದಲು ಬಂದದ್ದು ಮಗನ ಮೊಬೈಲಿಗೆ. ಅವ್ವ ನಂಬಲಿಲ್ಲ, ಟಿವಿ ಹಚ್ಚಲು ಹೇಳಿದಳು. ಟಿವಿಯಲ್ಲಿ ಬಂದ ಮೇಲೆ ಅತ್ತಳು. ಅಪ್ಪ ಮರುದಿನ ಮಗನ ಬೈಕಿನ ಮೇಲೆ ತಿಕೋಟಾಕ್ಕೆ ಹೋಗಿ ಪೇಪರು ತಂದರು. ಆ ಪೇಪರು ಈಗಲೂ ಟ್ರಂಕಿನಲ್ಲಿ ಮಡಚಿ ಇಟ್ಟಿದೆ. ಮಗ ಕಳಿಸಿದ, ಕಳಿಸಿಕೊಂಡ ನೂರಾರು ಫೋಟೊ ಮೊಬೈಲು ಬದಲಾಯಿಸುವಾಗ ಹೋದವು.

ಹೋದ ವರ್ಷದಿಂದ ನಮ್ಮ ಸುತ್ತಿನ ನಾಲ್ಕು ವಸ್ತಿಯವರು ವಾರಕ್ಕೊಂದು ಸಂಜೆ ಗುಡಿಯ ಹತ್ತಿರ ಕೂಡುತ್ತೇವೆ, ಹೆಚ್ಚಾಗಿ ಶುಕ್ರವಾರ, ಹವಾಮಾನ ಸಲಹೆ ಬಂದ ಮೇಲೆ. ಹುಡುಗರು ಮೊಬೈಲಿನಲ್ಲಿ ಬಂದದ್ದು ಓದುತ್ತಾರೆ, ಮುದುಕರು ಅಡ್ಡ ಪ್ರಶ್ನೆ ಹಾಕುತ್ತಾರೆ. ಚಾಟ್ನಿಯ ದಿನಗಳಲ್ಲಿ ಮಂದಿ ಹೆಚ್ಚು, ಬೇಸಿಗೆಯಲ್ಲಿ ನಾಲ್ಕೈದು ಜನ. ಅಲ್ಲಿಗೆ ಪೇಪರೂ ಬರಬೇಕೆಂದು ಅಪ್ಪನ ಹಟ. ತಿಕೋಟಾದ ಏಜೆಂಟರನ್ನು ಕೇಳಿದೆವು. ನಮ್ಮ ದಾರಿಗೆ ಹತ್ತು ಪೇಪರು ಆದರೆ ಹಾಲಿನ ಗಾಡಿಯಲ್ಲಿ ಕಟ್ಟು ಹಾಕಿ ಕಳಿಸುತ್ತೇವೆ ಎಂದಿದ್ದಾರೆ. ಇಲ್ಲಿಯವರೆಗೆ ಏಳು ಮನೆಯವರು ಹೆಸರು ಕೊಟ್ಟಿದ್ದಾರೆ.